ಕೂಗಬಾರದ ಹೆಸರು

ಬಲ್ಲಾರಾಟಿನ ಚಿನ್ನದ ಹಳ್ಳಕ್ಕೆ ಬರುವವರೆಗೆ ಜೋ ಟ್ರೆಂಬಾತನಿಗೆ ತನ್ನ ಹೆಸರಿನಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಅಲ್ಲಿ ‘ಜೋ’ ಎಂದರೆ ಮನುಷ್ಯನ ಹೆಸರಲ್ಲ. ಪೊಲೀಸರು ಬಂದರು, ಅಡಗಿಕೊಳ್ಳಿ ಎಂದರ್ಥ. ಅಗೆಯುವ ಲೈಸೆನ್ಸು ಇಲ್ಲದವರೇ ಹೆಚ್ಚಾಗಿದ್ದ ಆ ಹಳ್ಳದಲ್ಲಿ ಒಬ್ಬ ಹಾಗೆ ಕೂಗಿದರೆ ಸಾಕು, ಉಳಿದವರು ಬೆಕ್ಕು ಕಂಡ ಇಲಿಗಳಂತೆ ಗುಂಡಿ ಸೇರುತ್ತಿದ್ದರು. ಹಾಗಾಗಿ ಎಲ್ಲರೂ ಅವನನ್ನು ‘ಕೆಂಗಡ್ಡ’ ಎನ್ನುತ್ತಿದ್ದರು.

ಅವನ ಜೀವವೆಲ್ಲ ತನ್ನ ಗುಂಡಿಯಲ್ಲಿತ್ತು. ಚಳಿಗಾಲವಿಡೀ ಅಗೆದ ಮೇಲೆ ನೀಲಿ ಜೇಡಿಮಣ್ಣು ಸಿಕ್ಕಿತ್ತು. ಅದರ ಕೆಳಗೇ ಚಿನ್ನ. ಒಡೆಯ ಒಂದು ಹಗಲು ತನ್ನ ಗುಂಡಿಗೆ ಇಳಿಯದಿದ್ದರೆ, ಅದರಲ್ಲಿ ಬೇರೆ ಯಾರು ಇಳಿದರೋ ಅವರದೇ ಆ ಗುಂಡಿ. ಹಳ್ಳದ ಕಟ್ಟಳೆ ಹಾಗೆ.

ಅಂಥ ಹೊತ್ತಿನಲ್ಲಿ ಕಾರ್ನ್‌ವಾಲಿನಿಂದ ಹೆಂಡತಿ ಟ್ಯಾಮ್ಸಿನ್ ಬಂದಿಳಿದಳು. ಬೆಳಗ್ಗೆ ಮಾಂಸ ತುಂಬಿದ ಕಡುಬಿನಂಥ ಪೇಸ್ಟಿ ಬೇಯಿಸಿ, ಡೇರೆಯ ಮುಂದೆ ನಿಂತು, ಕಡಲಿನಲ್ಲಿರುವ ದೋಣಿಯನ್ನು ಕರೆಯುವವಳಂತೆ ಕೂಗಿದಳು:

“ಜೋ! ಜೋ!”

ಹಳ್ಳ ಖಾಲಿಯಾಯಿತು. ಐರಿಷ್ ಮ್ಯಾಲಕಿ ಚಹಾದಂಗಡಿಯ ಗ್ರಿಜೆಲಮ್ಮನ ಹಿಟ್ಟಿನ ಪೀಪಾಯಿಗೆ ಹಾರಿದ. ಎದ್ದಾಗ ಮದುವೆಯ ಕೇಕಿನಂತಿದ್ದ.

“ಯಾಕಮ್ಮಾ ಹೀಗೆ ಜೀವ ತೆಗೀತೀಯ?”

“ನನ್ನ ಗಂಡನ್ನ ಊಟಕ್ಕೆ ಕರೆದೆ. ನಿನ್ನ ಯಾರಪ್ಪ ಕರೆದ್ರು?”

ಪಂಚಾಯ್ತಿ ಸೇರಿತು. ಹೆಸರು ಬದಲಿಸು, ಇಲ್ಲವೇ ಗುಂಡಿ ಬಿಟ್ಟು ನಡಿ ಎಂದಾಯಿತು. ಗುಂಡಿಯ ಮಾತು ಬಂದದ್ದೇ ಜೋ ತಣ್ಣಗಾದ.

“ಇವತ್ತಿಂದ ನೀನು ಹ್ಯಾರಿ,” ಎಂದಳು ಗ್ರಿಜೆಲಮ್ಮ.

“ಹ್ಯಾರಿನಾ? ನಾನು ಮದುವೆಗೆ ಬೇಡ ಅಂದ ಕಟುಕನ ಹೆಸರದು!” ಎಂದಳು ಟ್ಯಾಮ್ಸಿನ್.

“ಒಳ್ಳೇದೇ ಆಯ್ತು, ಮರೆಯಲ್ಲ,” ಎಂದ ಮ್ಯಾಲಕಿ, ಹಿಟ್ಟು ಕೊಡವುತ್ತ. “ಯಾರೇ ಕೇಳ್ಲಿ, ಪಾದ್ರಿನೇ ಕೇಳ್ಲಿ, ಹ್ಯಾರಿ ಅನ್ಬೇಕು.”

ಎಲ್ಲರೂ ಬೈಬಲ್ ಮುಟ್ಟಿ ಆಣೆ ಮಾಡಿದರು.

ಮಧ್ಯಾಹ್ನ ದಿಬ್ಬದ ಕಡೆಯಿಂದ ಮತ್ತೆ ಕೂಗು ಕೇಳಿತು: “ಜೋ! ಜೋ!” ಗುಂಡಿಯ ತಳದಲ್ಲಿದ್ದ ಜೋ ಹಣೆ ಚಚ್ಚಿಕೊಂಡ. ಹಗ್ಗ ಹಿಡಿದು ಮೇಲೆ ಬರುತ್ತಲೇ ಗದರಿದ:

“ಲೇ ಟ್ಯಾಮ್ಸಿನ್, ನಾನು ಹ್ಯಾರಿ ಅಂತ ಈಗಿನ್ನೂ ಹೇಳಿಲ್ವೇನೇ?”

ಎದುರಿಗೆ ಕುದುರೆಯ ಮೂತಿಯಿತ್ತು. ಅದರ ಮೇಲೆ ಪೊಲೀಸ್ ಸಾರ್ಜೆಂಟ್ ಇದ್ದ.

“ಲೈಸೆನ್ಸು?”

ಜೋ ನಿರಾಳವಾಗಿ ಜೇಬಿಗೆ ಕೈ ಹಾಕಿದ. ಲೈಸೆನ್ಸು ಇದ್ದ ಕೆಲವೇ ಪುಣ್ಯವಂತರಲ್ಲಿ ಅವನೊಬ್ಬ.

“ಜೋಸೆಫ್ ಅಂತಿದೆ. ನೀನು ಹ್ಯಾರಿ ಅಂದೆಯಲ್ಲ?” ಸಾರ್ಜೆಂಟ್ ಗ್ರಿಜೆಲಮ್ಮನ ಕಡೆ ತಿರುಗಿದ. “ಯಾರಮ್ಮ ಇವನು?”

“ಹ್ಯಾರಿ, ಸ್ವಾಮಿ. ಬೈಬಲ್ ಆಣೆಗೂ ಹ್ಯಾರಿ.”

ಟ್ಯಾಮ್ಸಿನ್ ಓಡಿ ಬಂದಳು. ಜೋ ಕಣ್ಣಿನಲ್ಲೇ ಅಂಗಲಾಚಿದ. ಆಣೆ ನೆನಪಿಸುತ್ತಿದ್ದಾನೆ ಎಂದುಕೊಂಡು ಅವಳು ತಲೆಯಾಡಿಸಿದಳು.

“ನನ್ನ ಗಂಡ ಸ್ವಾಮಿ. ಹ್ಯಾರಿ.”

“ಇನ್ನೊಬ್ಬನ ಲೈಸೆನ್ಸಲ್ಲಿ ಅಗೀತೀಯ? ಮ್ಯಾಜಿಸ್ಟ್ರೇಟರು ಮುಂದಿನ ವಾರ ಬರ್ತಾರೆ. ಅಲ್ಲೀವರೆಗೆ ಠಾಣೆ ಮುಂದಿನ ಮರದ ದಿಮ್ಮಿಗೆ ಕಟ್ಟಿ ಕೂರಿಸ್ತೀನಿ, ನಡಿ.”

ಕೋಳ ಬಿತ್ತು. ಕುದುರೆ ಬೆನ್ನು ತಿರುಗಿಸಿದ್ದೇ ಗುಂಡಿಗಳಿಂದ ಒಂದೊಂದಾಗಿ ತಲೆಗಳು ಎದ್ದವು. ಮ್ಯಾಲಕಿಯಂತೂ ಪೂರ್ತಿ ಹೊರಗೇ ಬಂದ.

“ನನ್ನ ನಿಜವಾದ ಹೆಸರು ಹೇಳ್ರೋ!” ಎಂದು ಜೋ ಅರಚಿದ.

ಅವರಿಗೂ ಕನಿಕರ ಹುಟ್ಟಿ, ಇನ್ನೇನು ಬಾಯಿ ತೆರೆಯಬೇಕು. ಅಷ್ಟರಲ್ಲಿ ಟ್ಯಾಮ್ಸಿನ್‌ಗೆ ಎಲ್ಲ ಅರ್ಥವಾಗಿತ್ತು. ಅವಳು ಎದೆಯೊಡೆಯುವಂತೆ ಕೂಗಿದಳು:

“ಜೋ! ಜೋ! ಇವನು ನನ್ನ ಜೋ!”

ಹಳ್ಳದಲ್ಲಿ ಸಾಕ್ಷಿ ಹೇಳಲು ಒಂದು ತಲೆಯೂ ಉಳಿಯಲಿಲ್ಲ. ಮ್ಯಾಲಕಿ ಹತ್ತಿರದ ಗುಂಡಿಗೆ ಧುಮುಕಿದ. ಅದು ಜೋನದೇ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವನ ದನಿ ಸಮಾಧಾನವಾಗಿ ತೇಲಿಬಂತು:

“ಗುಂಡಿ ಚಿಂತೆ ಬಿಡು, ಹ್ಯಾರಿ. ನಾನು ಇಳಿದಾಯ್ತು!”