ಎಣ್ಣೆಯ ಲೆಕ್ಕ, ಮೊಸರಿನ ಲೆಕ್ಕ

ಎಲ್ಲ ಕೆಟ್ಟದ್ದು ಶುರುವಾದದ್ದು ಒಂದು ದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಆದರೆ ಅದಕ್ಕೂ ಮುಂಚೆ ಬೆಟಗೇರಿಯ ನಮ್ಮ ದೊಡ್ಡವ್ವ ಎಂಥವಳೆಂದು ನಿಮಗೆ ಗೊತ್ತಿರಬೇಕು: ಹಾಲಿನವನನ್ನಷ್ಟೇ ಅಲ್ಲ, ಅವನ ಎಮ್ಮೆಯನ್ನೂ ಅನುಮಾನಿಸುವವಳು!

ಒಂದು ಚಳಿಗಾಲ ಕೊಬ್ಬರಿ ಎಣ್ಣೆ ಗಟ್ಟಿಯಾಯಿತು. ಬಾಟಲಿ ಹಿಡಿದು ಅಂಗಡಿಗೆ ನಡೆದಳು. “ಮೇಣ ಕೂಡಿಸೀರಲ್ರಿ ಸಾಹುಕಾರ್ರ?” ಅವರು ಬಾಟಲಿಯನ್ನು ಬಿಸಿಲಿಗಿಟ್ಟು ಎಣ್ಣೆ ಕರಗಿಸಿ ತೋರಿಸಿದರು. ದೊಡ್ಡವ್ವ ಸೂರ್ಯನನ್ನೇ ದುರುಗುಟ್ಟಿ ನೋಡಿದಳು: “ಇವಂಗೂ ಹೇಳಿಕೊಟ್ಟೀರೇನು?”

ಬಿ.ಎಸ್ಸಿ. ಓದಿದ ನಾನು ಸುಮ್ಮನಿರಲಾದೀತೇ? “ಎಣ್ಣಿ ರೂಪ ಅಷ್ಟ ಬದಲಾಗೈತಿ ದೊಡ್ಡವ್ವ. ಅದು ಭೌತ ಬದಲಾವಣೆ, ಮತ್ತ ಮೊದಲಿನಂಗ ಆಗ್ತೈತಿ. ಹಾಲು ಮೊಸರಾದ್ರ ರಾಸಾಯನಿಕ. ಬ್ಯಾರೆ ಪದಾರ್ಥನ ಆತು, ತಿರುಗಿ ಹಾಲಾಗಂಗಿಲ್ಲ.”

ಅಂದಿನಿಂದ ಮನೆಯಲ್ಲಿ ಎರಡೇ ಲೆಕ್ಕ: ಮೊದಲಿನಂತಾಗುವುದೆಲ್ಲ ಎಣ್ಣೆಯ ಲೆಕ್ಕ, ಆಗದ್ದೆಲ್ಲ ಮೊಸರಿನ ಲೆಕ್ಕ. ಸಾರಿಗೆ ಉಪ್ಪು ಹೆಚ್ಚಾದರೆ ಸೊಸೆಗೆ, “ಎಣ್ಣಿ ಲೆಕ್ಕ ಐತಿ, ಬರೇ ಕರಗೈತಿ. ತೆಗಿ ಹೊರಗ!”

ಇನ್ನು ಆ ದಿನ. ಎಲೆ-ಅಡಿಕೆಗೆ ಹಚ್ಚುವ ಅಂಗಡಿಯ ಸುಣ್ಣದ ಮೇಲೂ ಆಕೆಗೆ ಅನುಮಾನ. ಲಕ್ಷ್ಮೇಶ್ವರದ ಸಂತೆಯಿಂದ ಸುಣ್ಣದ ಹರಳು ತಂದು, ಸ್ಟೀಲಿನ ಡಬ್ಬಿಗೆ ಹಾಕಿ ನೀರು ಸುರಿದಳು. ಒಲೆಯಿಲ್ಲದೆಯೇ ಅದು ಕೊತಕೊತ ಕುದಿಯತೊಡಗಿತು.

“ಬೆಂಕಿ ಇಲ್ಲದ ಕುದಿಯಾಕತ್ತೈತಿ, ಏನೋ ಮೋಸ ಐತಿ! ತಡಿ, ಇನ್ನ ಹೆಂಗ ಕುದೀತೈತಿ ನೋಡ್ತೀನಿ!”

ಮುಚ್ಚಳ ಬಿಗಿಯಾಗಿ ಒತ್ತಿಯೇಬಿಟ್ಟಳು. ನಾನು “ಮುಚ್ಚಬ್ಯಾಡ” ಎನ್ನುವಷ್ಟರಲ್ಲಿ ಅದು ಸಿಡಿದು ಸೂರಿಗೆ ಬಡಿದಿತ್ತು. ದೊಡ್ಡವ್ವನ ಬಲಗಣ್ಣಿನ ತುಂಬ ಸುಣ್ಣ.

ನಲ್ಲಿಯ ಕೆಳಗೆ ಆಕೆಯ ತಲೆ ಹಿಡಿದು ನೀರು ಬಿಟ್ಟೆ, ಬಿಡುತ್ತಲೇ ಇದ್ದೆ. ಆಮೇಲೆ ಗದಗಿನ ಆಸ್ಪತ್ರೆ. ಅಲ್ಲೂ ಕಣ್ಣಿಗೆ ಔಷಧ ಬಿಡಲು ಬಂದ ನರ್ಸಿಗೆ, “ಮೊದಲ ನಿನ್ನ ಕಣ್ಣಿಗೆ ಹಾಕ್ಕೊಂಡು ತೋರಸವ್ವ!” ಸುತ್ತಲಿದ್ದವರು ನಕ್ಕರು. ನಕ್ಕವರು ಹೋದ ಮೇಲೆ ದೊಡ್ಡವ್ವ ನನ್ನ ಕೈ ಹಿಡಿದಳು.

“ಖರೆ ಹೇಳೋ ತಮ್ಮಾ. ನನ್ನ ಕಣ್ಣು ಎಣ್ಣಿ ಲೆಕ್ಕನೋ, ಮೊಸರಿನ ಲೆಕ್ಕನೋ?”

ಅಂದಿನಿಂದ ಇಬ್ಬರಿಗೂ ನಿದ್ದೆಯಿಲ್ಲ. ರೆಪ್ಪೆ ಮುಚ್ಚಿದರೆ ಸಾಕು, ನನ್ನ ಕಣ್ಣೆದುರು ಆ ಮುಚ್ಚಳ ಹಾರುತ್ತಿತ್ತು.

ಕಣ್ಣಿನ ಪಟ್ಟಿ ಬಿಚ್ಚಿದ್ದು ಒಂದು ಶುಕ್ರವಾರ. ಡಾಕ್ಟರು ಹೇಳಿದಂತೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಲಗಣ್ಣು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಲೇ, ಅಂಗೀಗೆ ಒಂದು ಗುಂಡಿ ಬ್ಯಾರೆ ಬಣ್ಣದ್ದು ಐತಲ್ಲ! ಯಾವಾಕಿ ಹಚ್ಚಿಕೊಟ್ಟಾಕಿ?”

ಆ ಹಾಳು ಅನುಮಾನ ಕೇಳಿ ನಾನು ಅಲ್ಲೇ, ಎಲ್ಲರೆದುರು, ಗಳಗಳನೆ ಅತ್ತುಬಿಟ್ಟೆ. ಆ ಶುಕ್ರವಾರ ಇಬ್ಬರೂ ಬೆಳಗಾಗುವ ತನಕ ನಿದ್ದೆ ಮಾಡಿದೆವು.