ಮುಳುಗದ ದೋಣಿ

ನಮ್ಮ ಭಾವನವರು ಕಾದಂಬರಿ ಓದುವುದಿಲ್ಲ, ರಿಪೇರಿ ಮಾಡುತ್ತಾರೆ! ನಂಬಿಕೆ ಬರದಿದ್ದರೆ ಅಮೆರಿಕದ ನೋವೈ ಊರಿಗೆ ಬಂದು ನನ್ನ ಅಕ್ಕನನ್ನು ಕೇಳಿ. ಕಾರು ಡಿಕ್ಕಿಯಾದರೂ ಒಳಗಿನವರು ಉಳಿಯುವ ಹಾಗೆ ಮಾಡುವುದು ಅವರ ಉದ್ಯೋಗ. ಮನೆಯಲ್ಲಿ ಸಾರಿನ ಪಾತ್ರೆಯನ್ನೂ ಮೇಜಿನ ಅಂಚಿನಿಂದ ಆರಿಂಚು ಒಳಗೆ ಇಡಿಸುವವರು.

ಅವರ ಮಗಳು ಆರನೇ ಕ್ಲಾಸು. ಅಲ್ಲಿ ಕಾದಂಬರಿ ಓದಿದ ಮೇಲೆ ಪ್ರಶ್ನೋತ್ತರ ಬರೆಯುವ ಹಳೇ ಕಾಟವಿಲ್ಲ. ಕಥಾನಾಯಕಿಯ ಸೂಟ್‌ಕೇಸ್ ತುಂಬಿಸಿ ತರಬಹುದು, ಖಳನಾಯಕನಿಗೆ ಕೆಲಸದ ಅರ್ಜಿ ಬರೆದುಕೊಡಬಹುದು, ಶೂ ಡಬ್ಬಿಯೊಳಗೆ ಒಂದು ದೃಶ್ಯ ಕಟ್ಟಬಹುದು. ಮಕ್ಕಳ ಕಲ್ಪನೆ ಅರಳಲಿ ಎಂಬುದು ಶಾಲೆಯ ಆಸೆ. ಅರಳುವುದು ಯಾರದು? ಭಾನುವಾರ ನಮ್ಮವರ ಯಾವ ಗ್ಯಾರೇಜಿಗೆ ಇಣುಕಿದರೂ ಗೊತ್ತಾಗುತ್ತದೆ.

ಮಗಳು ಶೂ ಡಬ್ಬಿ ಆರಿಸಿಕೊಂಡಳು. ಕಾದಂಬರಿಯಲ್ಲಿ ಒಬ್ಬ ಹುಡುಗಿ, ಅವಳ ಅಪ್ಪ, ಮೀನು ಹಿಡಿಯುವ ದೋಣಿ. ಅಷ್ಟು ಕೇಳಿದ್ದೇ ತಡ, ಭಾವ ಪುಸ್ತಕ ಬಿಚ್ಚದೆ ಗ್ಯಾರೇಜು ಸೇರಿದರು. ಎರಡು ವಾರಾಂತ್ಯ ಅಕ್ಕನ ಬಾತ್‌ಟಬ್ ದೋಣಿಯ ಪರೀಕ್ಷೆಗೆ ಮೀಸಲಾಯಿತು. ತಳಕ್ಕೆ ಥರ್ಮೋಕೋಲ್, ಒಳಗೆ ಸೀಟ್ ಬೆಲ್ಟ್ ಬಿಗಿದುಕೊಂಡು ಕೂತ ಜೇಡಿಮಣ್ಣಿನ ಅಪ್ಪ.

ಟೀಚರ್ ಚೀಟಿ ಕಳಿಸಿದರು. ದೋಣಿ ಬಹಳ ಚೆನ್ನಾಗಿದೆ, ಆದರೆ ಕಥೆಯಲ್ಲಿ ಅದು ಮುಳುಗುತ್ತದೆ. ಶುಕ್ರವಾರದೊಳಗೆ ಮಗುವೇ ಮತ್ತೆ ಮಾಡಿ ತರಲಿ, ಇಲ್ಲದಿದ್ದರೆ ಗ್ರೇಡ್ ಇಲ್ಲ.

"ಡಿಸೈನ್ ಸರಿ ಇರ್ಲಿಲ್ಲ, ಅದಕ್ಕೇ ಮುಳುಗಿರೋದು. ನಾನು ಸರಿ ಮಾಡಿದೀನಿ," ಎಂದರು ಭಾವ.

"ಭಾವ, ಮೊದ್ಲು ಪುಸ್ತಕ ಓದಿ," ಎಂದೆ.

ಮಗಳನ್ನು ಈಜಿನ ಕ್ಲಾಸಿಗೆ ಬಿಟ್ಟು, ಕಾರಿನಲ್ಲೇ ಕೂತು ಓದಿ ಮುಗಿಸಿದರು. ದೋಣಿಯ ಜೊತೆ ಹೋದ ಅಪ್ಪ ವಾಪಸ್ ಬರುವುದಿಲ್ಲ. ಹುಡುಗಿ ದಡದಲ್ಲಿ ಕಾಯುತ್ತಲೇ ದೊಡ್ಡವಳಾಗುತ್ತಾಳೆ. ಗುರುವಾರ ಮಗಳು ದೋಣಿಗೆ ತೂತು ಹಾಕಲು ಡ್ರಿಲ್ ಕೇಳಿದಾಗ ಭಾವನವರಿಗೆ ಕೊಡಲು ಕೈ ಬರಲಿಲ್ಲ.

"ಒಳಗೆ ಅವಳ ಅಪ್ಪ ಇದಾನೆ, ಪುಟ್ಟಿ."

"ಅಪ್ಪಾ, ಇಟ್ಸ್ ಜಸ್ಟ್ ಎ ಸ್ಟೋರಿ," ಎಂದು ಅವಳೇ ಡ್ರಿಲ್ ಎತ್ತಿಕೊಂಡು ತೂತು ಕೊರೆದಳು.

ಶುಕ್ರವಾರ ಸಂಜೆ ಶಾಲೆಯಲ್ಲಿ ಡಬ್ಬಿಗಳನ್ನೆಲ್ಲ ಜೋಡಿಸಿಟ್ಟಿದ್ದರು. ನಾನೂ ಪಕ್ಕದ ಊರು ನಾರ್ತ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿದ್ದೆ. ನೀಲಿ ಕಾಗದದ ಅಲೆಗಳಲ್ಲಿ ದೋಣಿ ಅರ್ಧ ಮುಳುಗಿತ್ತು. ಜೇಡಿಮಣ್ಣಿನ ಅಪ್ಪ ಮಾತ್ರ ಅದರಲ್ಲಿರಲಿಲ್ಲ. ದಡದಲ್ಲಿ, ಹುಡುಗಿಯ ಪಕ್ಕ, ಕಿತ್ತ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ.

"ಬಟ್ ಹಿ ಡೈಸ್ ಇನ್ ದ ಬುಕ್," ಎಂದರು ಟೀಚರ್.

"ಐ ನೋ," ಎಂದಳು ನಮ್ಮ ಹುಡುಗಿ. "ಮೈ ಡ್ಯಾಡ್ ಫಿಕ್ಸ್ಡ್ ಇಟ್."

ಭಾವನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಇಷ್ಟು ದಿನ ಅವರನ್ನು ಗೇಲಿ ಮಾಡಿದ ನಾನು ನನ್ನ ಕರವಸ್ತ್ರವನ್ನು ಅವರ ಕೈಗೆ ಕೊಟ್ಟೆ.

ಗ್ರೇಡ್ ಬಿ ಬಂತು. ಭಾವ ಶಾಲೆಗೆ ವಾದಕ್ಕೆ ಹೋಗಲಿಲ್ಲ. ಡಬ್ಬಿ ಈಗ ಅವರ ಆಫೀಸಿನ ಮೇಜಿನ ಮೇಲಿದೆ, ಅಂಚಿನಿಂದ ಆರಿಂಚು ಒಳಗೆ.