ಹೊಡೆಯದ ಮೇಷ್ಟರನ್ನು ನಂಬುವುದು ಹೇಗೆ?

ಹುಡುಗರಿಗೆ ಹೊಡೆಯುವ ಮೇಷ್ಟರ ಮೇಲೆ ನಮ್ಮ ಕಡೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಡೆಯದೆ ಮಾತಾಡಿಸಿ ನೋಡಿ, ವಾರಕ್ಕೊಂದು ಫಜೀತಿ ಗ್ಯಾರಂಟಿ.

ಯುದ್ಧದ ಕಾಲ. ನಾನು ಹೊಳೆನರಸೀಪುರದಲ್ಲಿ ಮೇಷ್ಟರಾಗಿದ್ದೆ. ಪುಂಡ ಹುಡುಗರನ್ನು ಕೂರಿಸಿಕೊಂಡು ಮಾತಾಡಿಸಿದರೆ ದಾರಿಗೆ ಬರುತ್ತಾರೆ ಎಂದು ಮೈಸೂರಿನ ತರಬೇತಿಯಲ್ಲಿ ಕಲಿತು ಬಂದಿದ್ದೆ. ಹೆಡ್ಮಾಸ್ತರು ನಂಬಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣ ಎರಡೂ ಕಡೆ ಶಾಲೆ ಬಿಡಿಸಿ ಕಳಿಸಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ನನಗೆ ಒಪ್ಪಿಸಿ, "ಸಂಕ್ರಾಂತಿವರೆಗೆ ನೋಡ್ತೀನಿ. ಆಮೇಲೆ ಹೆಸರು ಹೊಡೆದುಹಾಕ್ತೀನಿ" ಎಂದರು. ಅವನನ್ನು ಸೇರಿಸಿಕೊಳ್ಳುವ ಶಾಲೆ ಇನ್ನೊಂದು ಇರಲಿಲ್ಲ.

೧. ಕುರ್ಚಿ

ಮೊದಲ ಶನಿವಾರ ಅವನಿಗೊಂದು ಕುರ್ಚಿ ಹಾಕಿ, "ಕೂತ್ಕೊಳಪ್ಪ" ಎಂದೆ. ಅವನು ಕುರ್ಚಿಯನ್ನು ಎತ್ತಿ ತಳ ನೋಡಿದ, ಕಾಲು ಅಲ್ಲಾಡಿಸಿದ, ಹಲಗೆಯನ್ನು ಅಂಗೈಯಿಂದ ಸವರಿದ.

"ಏನೋ ಹುಡುಕ್ತಿದ್ದೀಯ?"

"ನೆಗ್ಗಿಲ ಮುಳ್ಳು ಸಾ."

"ಕುರ್ಚಿ ಮೇಲೆ ಯಾರಾದ್ರೂ ಮುಳ್ಳಿಡ್ತಾರೇನೋ?"

"ನಾನ್ ಇಡ್ತಿದ್ನಲ್ಲಾ ಸಾ."

ಅವನು ಕೂತ. ನಾನು ಎದ್ದು ನನ್ನ ಕುರ್ಚಿಯನ್ನೊಮ್ಮೆ ಸವರಿ ನೋಡಿಕೊಂಡೆ.

೨. ಸಂಬಂಧ

ಮನೆಯಲ್ಲಿ ಎಷ್ಟು ಜನ, ಅಪ್ಪ ಸಿಡುಕರೇ, ನಿದ್ದೆ ಸರಿಯಾಗಿ ಬರುತ್ತದೆಯೇ ಎಂದೆಲ್ಲ ಕೇಳಿ ಬರೆದುಕೊಳ್ಳಬೇಕಿತ್ತು. ಬರೆದುಕೊಂಡೆ. ಮರುವಾರವೇ ಅವನ ಅಪ್ಪ ಹೊಲದ ಕೆಲಸ ಬಿಟ್ಟು, ಮಡಿ ಪಂಚೆ ಉಟ್ಟು ನಮ್ಮ ಜಗಲಿಗೆ ಬಂದು ಕೂತರು. ಕಣ್ಣೆಲ್ಲ ನಮ್ಮ ನಡುಮನೆಯ ಕಡೆಗೆ.

"ನಮ್ಮೈದನ್ನ ಒಡೆಯಕಿಲ್ಲ, ಕುರ್ಚಿ ಕೊಡ್ತೀರಿ, ಮನೆ ಕಡೆ ಎಲ್ಲಾ ವಿಚಾರುಸ್ತೀರಿ. ನಂಗೇನ್ ತಿಳಿಯಾಕಿಲ್ವಾ ಸಾ? ಎಣ್ಣು ಎಲ್ಲೈತೆ?"

"ನನಗೆ ಹೆಣ್ಣುಮಕ್ಕಳೇ ಇಲ್ಲ ಮಾರಾಯರೇ."

"ಅಂಗಾರೆ ಯಾರ್ ಕಡೆಯಿಂದ ವಿಚಾರುಸ್ತಾ ಇದೀರಿ?"

ಅಷ್ಟರಲ್ಲಿ ನನ್ನ ಹೆಂಡತಿ ಕಾಫಿ ತಂದದ್ದೇ ತಪ್ಪಾಯಿತು. ಮಾತುಕತೆ ಮುಗಿಯಿತೆಂದುಕೊಂಡೇ ಎದ್ದು ಹೋದರು.

೩. ಗಲಾಟೆ ಇಲ್ಲದ ತಿಂಗಳು

ಇಷ್ಟಾದರೂ ಹುಡುಗ ಮನಸ್ಸಿನ ಮಾತು ಹೇಳಲಿಲ್ಲ. ನನ್ನನ್ನು ಮಫ್ತಿ ಪೊಲೀಸಿನವನಂತೆ ನೋಡುತ್ತಿದ್ದ. ಸುಮ್ಮನೆ ಕೂತು ಕೂತು ಸಾಕಾಗಿ ನಾನು ನನ್ನ ಕಷ್ಟವನ್ನೇ ಹೇಳತೊಡಗಿದೆ. ಅವನು ಕೆನ್ನೆಗೆ ಕೈ ಕೊಟ್ಟು ಕೇಳಿದ. ಆಮೇಲೆ ಒಂದು ತಿಂಗಳು ಅವನ ಮೇಲೆ ಒಂದೂ ದೂರು ಬರಲಿಲ್ಲ.

ಹೆಡ್ಮಾಸ್ತರಿಗೆ ದಿಗಿಲಾಯಿತು. "ಏನೋ ದೊಡ್ಡದೇ ಹೂಡಿದ್ದಾನೆ ಕಣ್ರೀ" ಎಂದು ಜವಾನನನ್ನು ಅವನ ಹಿಂದೆ ಬಿಟ್ಟರು. ಜವಾನ ವಾರವೆಲ್ಲ ಅಲೆದು ಬಂದು ವರದಿ ಒಪ್ಪಿಸಿದ.

"ಉಡುಗ ಇಸ್ಕೂಲಿಗೆ ಬತ್ತಾನೆ, ಮನೆಗೋಯ್ತಾನೆ, ಅಷ್ಟೇಯ. ನಂಗೂ ಭಯ ಆಯ್ತೈತೆ ಸಾ."

೪. ವಿಚಾರಣೆ

ಸಂಕ್ರಾಂತಿಯ ಹಿಂದಿನ ದಿನ ಹೆಡ್ಮಾಸ್ತರು ಹಾಜರಿ ಪುಸ್ತಕ, ಕೆಂಪು ಮಸಿ ಮುಂದಿಟ್ಟುಕೊಂಡು ನಮ್ಮಿಬ್ಬರನ್ನೂ ಕರೆಸಿದರು. ಹುಡುಗನಿಗಿಂತ ನನಗೇ ಹೆಚ್ಚು ಹೆದರಿಕೆ.

"ನಿಜ ಹೇಳು. ಮೇಷ್ಟ್ರು ನಿನಗೇನು ಮಾಡಿದರು?"

"ಏನೂ ಮಾಡ್ನಿಲ್ಲ ಸಾ. ಸನಿವಾರ ಸನಿವಾರ ಅವ್ರ ಕಷ್ಟ ಏಳ್ಕತಿದ್ರು. ಪಾಪ ಅನ್ನುಸ್ತು. ನಾನೂ ಯಾಕ್ ಗೋಳು ಉಯ್ಕಬೇಕು ಅಂತ ಗಲಾಟೆ ಬುಟ್ಬುಟ್ಟೆ."

"ಅವರಿಗೇನೋ ಕಷ್ಟ?"

ಹುಡುಗ ನನ್ನನ್ನು ನೋಡಿದ, ಹೆಡ್ಮಾಸ್ತರನ್ನು ನೋಡಿದ. "ನೀವೇ ಸಾ. ಅದ್ಕಿಂತ ಜಾಸ್ತಿ ಏಳಕಿಲ್ಲ."

ನಾನು ನೆಲ ನೋಡುತ್ತ ನಿಂತೆ.

"ನಿಮ್ಗೂ ಏನಾರ ಕಷ್ಟ ಇದ್ರೆ ಬನ್ನಿ ಸಾ, ಕೇಳ್ತೀನಿ" ಎಂದ ಹುಡುಗ. "ಯಾರ್ಗೂ ಏಳಕಿಲ್ಲ."

ಹೆಡ್ಮಾಸ್ತರು ಕೆಂಪು ಮಸಿಯ ಸೀಸೆಗೆ ಬಿರಡೆ ಹಾಕಿದರು. ಆಮೇಲೆ ಪುಸ್ತಕ ಮುಚ್ಚಿದರು. ಹೆಸರು ಉಳಿಯಿತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಮುಂದಿನ ಶನಿವಾರ ಹೆಡ್ಮಾಸ್ತರು ನಿಜವಾಗಿಯೂ ಬಂದರು. ನನ್ನನ್ನು ಹೊರಗೆ ಕಳಿಸಿ, ಹುಡುಗನ ಎದುರು ಕೂತು, ಬಾಗಿಲು ಹಾಕಿಸಿಕೊಂಡರು.